ಜುಂಜಿಗೆ ಪೌಡರ್ ಹಚ್ಚಿದ್ದು

ಯಾವುದನ್ನೂ ಕೊನೆಯವರೆಗೆ ನೋಡುವ ಯೋಗ ನನ್ನ ಹಣೆಯಲ್ಲಿ ಬರೆದಿಲ್ಲ. ಸಿನಿಮಾ ಇರಲಿ, ಧಾರಾವಾಹಿ ಇರಲಿ, ಕಚೇರಿಯ ತರಬೇತಿ ಇರಲಿ, ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಗೆಂದು ಅಭಿಪ್ರಾಯ ಹೇಳುವುದನ್ನು ನಾನು ಬಿಟ್ಟವಳಲ್ಲ. ಒಮ್ಮೆ ನಮ್ಮವರ ಜೊತೆ ಪತ್ತೇದಾರಿ ಸಿನಿಮಾ ಒಂದಕ್ಕೆ ಹೋಗಿ ಬಂದು, ಕೊಲೆಗಾರ ಇಂಥವನೇ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿ ಅವರ ಉತ್ಸಾಹ ಕೆಡಿಸಿದ್ದೆ. ನಾನು ಹೇಳಿದ ಮನುಷ್ಯ ಪೊಲೀಸಿನವನಂತೆ, ವೇಷ ಮರೆಸಿಕೊಂಡು ಬಂದಿದ್ದನಂತೆ. ಅದು ನಕ್ಕು ಮರೆಯುವ ವಿಷಯ. ಈಗ ಹೇಳಹೊರಟಿರುವುದನ್ನು ಕೇಳಿ ನೀವು ನಗಬಹುದು, ನನ್ನದೇನೂ ಅಡ್ಡಿಯಿಲ್ಲ. ನನಗೆ ಮಾತ್ರ ಅಷ್ಟಾಗಿ ನಗು ಬರುತ್ತಿಲ್ಲ.

ಮೊದಲು ನನ್ನ ಬಣ್ಣದ ವಿಷಯ ಹೇಳಿಬಿಡುತ್ತೇನೆ. ನಾನು ಕಪ್ಪು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಹೊರಗೆ ಹೋಗಿ ಹೇಳುತ್ತಿದ್ದ ಮಾತು ಒಂದೇ: "ಕಪ್ಪಾದ್ರೂ ಲಕ್ಷಣವಾಗಿದಾಳೆ." ಆ 'ಆದ್ರೂ' ನನ್ನನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲ. ಕಡಲೆಹಿಟ್ಟು, ಅರಿಸಿನ, ಹಾಲಿನ ಕೆನೆ, ಟೊಮೆಟೊ ಸಿಪ್ಪೆ, ಹೀಗೆ ಅಡುಗೆಮನೆಯಲ್ಲಿ ಇರುವುದನ್ನೆಲ್ಲ ಮುಖಕ್ಕೆ ಮೆತ್ತಿಕೊಂಡದ್ದಾಯಿತು. ಒಗ್ಗರಣೆ ಹಾಕಿಕೊಂಡಿಲ್ಲ ಅಷ್ಟೇ. ಕೊನೆಗೆ ಪೌಡರಿಗೆ ಬಂದು ನಿಂತೆ. ಶಿಕಾರಿಪುರದ ಕಚೇರಿಯಲ್ಲಿ ರೈತರಿಗೆ ಪಹಣಿ ಕೊಡುವ ಕಿಟಕಿಯಲ್ಲಿ ಕೂರುವವಳು ನಾನು. ಹೊರಗಿನವರಿಗೆ ಕಾಣುವುದು ಮುಖವೊಂದೇ. ಆದ್ದರಿಂದ ಕತ್ತಿನವರೆಗೆ ಹಚ್ಚಿದರೆ ಸಾಕು. ಕತ್ತಿನಿಂದ ಮೇಲೆ ಒಬ್ಬಳು, ಕೆಳಗೆ ಇನ್ನೊಬ್ಬಳು ಎಂದು ನಮ್ಮವರು ತಮಾಷೆ ಮಾಡುತ್ತಾರೆ. ಇಬ್ಬರಿಗೂ ಸೇರಿ ಒಂದೇ ಸಂಬಳ ಎಂದು ನಾನೂ ನಗುತ್ತೇನೆ.

ನನ್ನ ಬಣ್ಣವೂ ನನ್ನ ಕೂದಲೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಬಾರದೆ, ಅಣ್ಣನ ಮಗಳಿಗೆ ಹೋಗಿ ಸೇರಿಕೊಂಡವು. ಅಣ್ಣ ಇರುವುದು ನನ್ನ ತವರೂರು ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ. ಒಂದಷ್ಟು ಮೆಕ್ಕೆಜೋಳ, ಒಂದಷ್ಟು ಭತ್ತ, ಅಪ್ಪನ ಕಾಲದಿಂದ ಬಂದ ಕುರಿಹಿಂಡು. ಮಗಳು ಸಹನಾ ಮೂರನೇ ಕ್ಲಾಸು. ಅವಳ ಗುಂಗುರು ಕೂದಲಿಗೆ ಬಾಚಣಿಗೆ ಹಾಕಿದರೆ ಹಲ್ಲು ಮುರಿಯುವುದು ಬಾಚಣಿಗೆಯದೇ. ಆದರೆ ಅವಳಿಗೆ ತಾನು ಕಪ್ಪು ಎಂಬುದು ಗೊತ್ತಿರಲಿಲ್ಲ. ಅಂದರೆ ಕಣ್ಣಿಗೆ ಕಂಡಿತ್ತು, ಮನಸ್ಸಿಗೆ ಬಂದಿರಲಿಲ್ಲ. ಅಪ್ಪ ಕಪ್ಪು, ದೊಡ್ಡಿಯಲ್ಲಿರುವ ಕುರಿ ಕಪ್ಪು, ಹೊದೆಯುವ ಕಂಬಳಿ ಕಪ್ಪು. ಅದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಎಂಬಂತೆ ಓಡಾಡಿಕೊಂಡಿದ್ದಳು.

ಈ ಮಗು ಅತ್ತಿಗೆಯ ಫೋನಿನಲ್ಲಿ ಒಂದು ಕಾರ್ಟೂನ್ ಹುಚ್ಚು ಹಿಡಿಸಿಕೊಂಡಿತ್ತು. ಅದರ ನಾಯಕಿ ಜುಂಜಿ. ಕಾಡಿಗೆಯಂಥ ಬಣ್ಣ, ತಲೆಯ ತುಂಬ ಕೆದರಿದ ಕೂದಲು, ಹಿಂದೆ ಸದಾ ಒಂದು ಕುರಿಮರಿ. ಮರಿಯ ಹೆಸರು ಮುದ್ದೆ. ಮಳೆಗಾಲದಲ್ಲಿ ತವರಿಗೆ ಹೋಗಿದ್ದಾಗ ಸಹನಾ ನನ್ನ ತೊಡೆಯ ಮೇಲೆ ಕೂತು ಅದನ್ನು ತೋರಿಸಿದಳು. ಜುಂಜಿಯನ್ನು ಊರ ಮಕ್ಕಳೆಲ್ಲ ಅಣಕಿಸುತ್ತಾರೆ. ಅವಳು ಅಳುತ್ತ ಹೋಗಿ ಬೆಳದಿಂಗಳ ಕೊಳ ಎಂಬುದರಲ್ಲಿ ಮುಳುಗಿ ಏಳುತ್ತಾಳೆ. ಎದ್ದಾಗ ಹಾಲಿನಂಥ ಮೈಬಣ್ಣ, ರೇಷ್ಮೆಯಂಥ ಕೂದಲು. ಅರಮನೆಯವರು ಬಂದು ಪಲ್ಲಕ್ಕಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಎಂಥ ಚೆಂದದ ಕತೆ ಎನಿಸಿತು. ಅಂಥ ಕೊಳ ನಮ್ಮ ತಾಲ್ಲೂಕಿನಲ್ಲಿ ಇದ್ದಿದ್ದರೆ ಎಂದುಕೊಳ್ಳುತ್ತಲೇ ನಾನು ನಿದ್ದೆ ಹೋದೆ. ಎದ್ದಾಗ ಕಾರ್ಟೂನು ಮುಗಿದಿತ್ತು. "ಚೆನ್ನಾಗಿತ್ತಾ ಅತ್ತೆ?" ಎಂದು ಕೇಳಿದಳು. ಬಹಳ ಚೆನ್ನಾಗಿತ್ತು ಎಂದು ಹೇಳಿದೆ.

ಅವಳಿಗೂ ಒಂದು ಮುದ್ದೆ ಇತ್ತು, ಜೀವಂತವಾದದ್ದು. ಹೆತ್ತ ಕೂಡಲೇ ತಾಯಿ ಕುರಿ ಸತ್ತುಹೋಗಿ ತಬ್ಬಲಿಯಾದ ಮರಿ. ನಮ್ಮಲ್ಲಿ ಇಂಥ ಮರಿಗೆ ಹಾಲು ಕುಡಿಸಲು ಒಂದು ಉಪಾಯವಿದೆ. ಮರಿ ಸತ್ತ ಬೇರೆ ಕುರಿ ಹಿಂಡಿನಲ್ಲಿದ್ದರೆ, ಆ ಸತ್ತ ಮರಿಯ ತೊಗಲನ್ನು ತಬ್ಬಲಿಯ ಮೈಗೆ ಹೊದಿಸಿ ಕಟ್ಟುತ್ತಾರೆ. ಕುರಿ ಮೂಸಿ ನೋಡಿ, ತನ್ನದೇ ಮರಿ ಎಂದು ಮೊಲೆಗೆ ಬಿಟ್ಟುಕೊಳ್ಳುತ್ತದೆ. ಅಪ್ಪ ಹಾಗೆ ಮಾಡುವಾಗ ಮರಿಯನ್ನು ಹಿಡಿದುಕೊಂಡು ಕೂರುತ್ತಿದ್ದವಳು ನಾನೇ. ಕುರಿಗೆ ಗುರುತು ಇರುವುದು ಮೂಗಿನಲ್ಲಿ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಲ ಹಿಂಡಿನಲ್ಲಿ ಅಂಥ ಕುರಿ ಇರಲಿಲ್ಲ. ಸಹನಾ ತನ್ನ ಹಳೆಯ ಫ್ರಾಕನ್ನು ಮರಿಗೆ ಹೊದಿಸಿ, ಬಾಟಲಿಯಲ್ಲಿ ಹಾಲು ಕುಡಿಸಿ ತಾನೇ ತಾಯಿಯಾದಳು. ಅವಳು ನಾಲಿಗೆಯಿಂದ ಲೊಚಲೊಚ ಎಂದರೆ ಎಲ್ಲಿದ್ದರೂ ಓಡಿಬಂದು ಅವಳ ಕಂಕುಳಲ್ಲಿ ಮೂತಿ ತೂರಿಸುತ್ತಿತ್ತು.

ಅಷ್ಟರಲ್ಲಿ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಬಂತು. ನಮ್ಮ ಕಡೆ ಛದ್ಮವೇಷ ಎಂದರೆ ಮಕ್ಕಳಿಗಿಂತ ಮನೆಯವರಿಗೆ ಸಂಭ್ರಮ. ತೆಂಗಿನ ಚಿಪ್ಪು, ಹತ್ತಿ, ರಟ್ಟು, ಅಮ್ಮನ ಸೀರೆ ಎಲ್ಲ ಹೊರಗೆ ಬರುತ್ತವೆ. ಓಬವ್ವ, ಅಕ್ಕಮಹಾದೇವಿ, ಭಾರತಮಾತೆ ಇವರಲ್ಲಿ ಒಬ್ಬರೂ ಇಲ್ಲದ ಸ್ಪರ್ಧೆ ಇಲ್ಲ. ಸಹನಾ ಮಾತ್ರ ತಾನು ಜುಂಜಿಯಾಗಬೇಕು, ಮುದ್ದೆಯೂ ವೇದಿಕೆಗೆ ಬರಬೇಕು ಎಂದಳು. ಅತ್ತಿಗೆ ನನಗೆ ಫೋನು ಮಾಡಿ, "ಗಿರಿಜಾ, ನಿಂಗೆ ಇದೆಲ್ಲ ಗೊತ್ತಿರ್ತದೆ, ಬಂದು ಮೇಕಪ್ ಮಾಡಿಕೊಡೇ" ಎಂದು ಕರೆದಳು. ಮೇಕಪ್ಪಿನಲ್ಲಿ ನನ್ನನ್ನು ಪರಿಣತೆ ಎಂದು ಒಪ್ಪಿಕೊಂಡವರು ಪ್ರಪಂಚದಲ್ಲಿ ಅವಳೊಬ್ಬಳೇ. ನಾನು ರಜೆ ಹಾಕಿ, ಕಚೇರಿಯ ಸಹೋದ್ಯೋಗಿಯಿಂದ ಕೂದಲು ನೆಟ್ಟಗೆ ಮಾಡುವ ಯಂತ್ರವನ್ನು ಕಡ ತಂದು, ಬ್ಯಾಗಿನ ತುಂಬ ಬಣ್ಣ ತುಂಬಿಕೊಂಡು, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದೆ.

ಸ್ಪರ್ಧೆಯ ದಿನ ಬೆಳಿಗ್ಗೆ ಸಹನಾಳನ್ನು ಮಣೆಯ ಮೇಲೆ ಕೂರಿಸಿ ಕೆಲಸ ಶುರು ಮಾಡಿದೆ. ಮೊದಲು ಸುವಾಸನೆಯ ಸೋಪಿನಲ್ಲಿ ತಿಕ್ಕಿ ತೊಳೆದೆ, ಮೇಲೆ ಕ್ರೀಮು, ಅದರ ಮೇಲೆ ಪೌಡರು. ಕೂದಲನ್ನು ಒಂದೊಂದೇ ಎಳೆ ಹಿಡಿದು ಯಂತ್ರದಲ್ಲಿ ಎಳೆದು, ಎಂಥದೋ ಸ್ಪ್ರೇ ಹೊಡೆದೆ. ಮನೆಯಲ್ಲಿ ಸುಟ್ಟ ಕೂದಲ ವಾಸನೆಯೂ ಅತ್ತರಿನ ವಾಸನೆಯೂ ಸೇರಿ ಅಣ್ಣ ಕೆಮ್ಮುತ್ತ ಎದ್ದು ಹೊರಗೆ ಹೋದ. ನಡುವೆ ಒಮ್ಮೆ ಸಹನಾ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಅತ್ತೆ, ಜುಂಜಿ ಕೊನಿಗೆ ಹಿಂಗೆ ಇರಲ್ಲ. ಕರ್ರಗೇ ಇರ್ತಾಳೆ." ಸುಮ್ಮನಿರು, ಮಾತಾಡಿದರೆ ತುಟಿಯ ಬಣ್ಣ ಹಲ್ಲಿಗೆ ಹತ್ತುತ್ತದೆ ಎಂದು ಗದರಿದೆ. ಅರ್ಧ ನೋಡಿದ ನನಗಿಂತ ಪೂರ್ತಿ ನೋಡಿದ ಮಗುವಿಗೆ ಕತೆ ಗೊತ್ತಿರಬಹುದು ಎಂಬ ಯೋಚನೆ ಕೂಡ ಬರಲಿಲ್ಲ. ಯೋಚಿಸಿ ನೋಡಿದರೆ ಆ ಮಗುವಿಗೆ ವೇಷವೇ ಬೇಕಿರಲಿಲ್ಲ. ಎದ್ದ ಹಾಗೇ, ಕೆದರಿದ ತಲೆಯಲ್ಲಿ ಹೋಗಿ ನಿಂತಿದ್ದರೂ ಅವಳು ಜುಂಜಿಯೇ. ಇರುವ ಜುಂಜಿಯನ್ನು ಅಳಿಸಿ, ನಾನು ಅವಳಿಗೆ ಜುಂಜಿಯ ವೇಷ ಹಾಕುತ್ತಿದ್ದೆ. ಮುಗಿದ ಮೇಲೆ ಕನ್ನಡಿ ಹಿಡಿದೆ. ಅತ್ತಿಗೆ ದೃಷ್ಟಿಯಾಗುತ್ತದೆ ಎಂದಳು. ಅಕ್ಕಪಕ್ಕದ ಹೆಂಗಸರು ಬಂದು, "ನಮ್ಮ ಸಹನಾನಾ ಇದು? ಎಷ್ಟು ಬೆಳ್ಳಗಾಗ್ಯಾಳೆ" ಎಂದು ಕೆನ್ನೆ ಮುಟ್ಟಿ ಹೋದರು. ಮಗು ಕನ್ನಡಿಯನ್ನು ಬಹಳ ಹೊತ್ತು ನೋಡಿತು. ನಾನು ಅದನ್ನು ಸಂತೋಷ ಎಂದುಕೊಂಡೆ.

ವೇದಿಕೆಯೆಂದರೆ ಶಾಲೆಯ ಜಗಲಿ. ಅಂಗಳದಲ್ಲಿ ಊರಿನವರು, ಮುಂದಿನ ಸಾಲಿನಲ್ಲಿ ತೀರ್ಪುಗಾರರು. ನಾನು ಅವರ ಹಿಂದೆಯೇ, ಸಹನಾ ಬಿಚ್ಚಿಟ್ಟ ಫ್ರಾಕನ್ನು ತುಂಬಿಕೊಂಡ ಬ್ಯಾಗು ಹಿಡಿದು ಕೂತಿದ್ದೆ. ಅವಳ ಹೆಸರು ಕರೆದರು. ಬಿಳಿಯ ಮುಖ, ನೆಟ್ಟನೆ ಕೂದಲು ಹೊತ್ತು ಬಂದು ಮೈಕಿನ ಮುಂದೆ ನಿಂತು ಕಲಿತದ್ದನ್ನು ಹೇಳಿದಳು: "ನಾನು ಜುಂಜಿ. ನಾನು ಹೆಂಗೆ ಹುಟ್ಟೀನೋ ಹಂಗೇ ಚೆಂದ." ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅವಳು ಲೊಚಲೊಚ ಎಂದು ಮರಿಯನ್ನು ಕರೆದಳು. ಅಣ್ಣ ಜಗಲಿಯ ಇನ್ನೊಂದು ಕೊನೆಯಿಂದ ಅದನ್ನು ಬಿಟ್ಟ. ಮುದ್ದೆ ದನಿ ಕೇಳಿದ್ದೇ ಕುಣಿಯುತ್ತ ಓಡಿ ಬಂತು. ಹತ್ತಿರ ಬಂದು ಮೂಸಿತು, ಸೀನಿತು, ಎರಡು ಹೆಜ್ಜೆ ಹಿಂದೆ ಸರಿದು ಅರಚತೊಡಗಿತು. ಅವಳು ಮತ್ತೆ ಕರೆದಳು. ಅದು ಅವಳನ್ನು ಬಿಟ್ಟು ಸುತ್ತಲೂ ಅವಳನ್ನೇ ಹುಡುಕುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಪ್ಪಿಕೊಳ್ಳುತ್ತೇನೆ, ಮೊದಲು ನಾನೂ ನಕ್ಕೆ.

ಮರಿ ಜಗಲಿಯಿಂದ ಕೆಳಗೆ ಜಿಗಿದು, ತೀರ್ಪುಗಾರರ ಕಾಲಡಿ ನುಗ್ಗಿ, ನೇರವಾಗಿ ನನ್ನ ಹತ್ತಿರ ಬಂತು. ಬ್ಯಾಗಿನೊಳಗೆ ತಲೆ ತೂರಿಸಿ, ಆ ಫ್ರಾಕಿನಲ್ಲಿ ಮೂತಿ ಹುದುಗಿಸಿ, ಅರಚುವುದನ್ನು ನಿಲ್ಲಿಸಿ ಬಾಲ ಅಲ್ಲಾಡಿಸತೊಡಗಿತು. ಅದಕ್ಕೆ ಸಹನಾ ಸಿಕ್ಕಿದ್ದಳು, ನನ್ನ ಬ್ಯಾಗಿನಲ್ಲಿ. ಮೇಲೆ ನಿಂತ ಹುಡುಗಿ ಮೈಕು ಇರುವುದನ್ನು ಮರೆತು ಸಣ್ಣ ದನಿಯಲ್ಲಿ ಹೇಳಿದಳು, "ಮುದ್ದೆ, ನಾನೇ ಕಣೋ." ಅದು ಇಡೀ ಅಂಗಳಕ್ಕೆ ಕೇಳಿಸಿತು. ಅಳು ಬಂದು ಬಿಳಿಯ ಕೆನ್ನೆಯ ಮೇಲೆ ಕಪ್ಪು ಗೆರೆಗಳು ಇಳಿಯತೊಡಗಿದವು. ಅದೆಲ್ಲ ಅಭಿನಯವೆಂದು ತಿಳಿದ ತೀರ್ಪುಗಾರರು ಅವಳಿಗೆ ಎರಡನೇ ಬಹುಮಾನ ಕೊಟ್ಟರು, ಒಂದು ಸ್ಟೀಲಿನ ತಟ್ಟೆ. ಮೊದಲನೆಯದು ಎಂದಿನಂತೆ ಓಬವ್ವನಿಗೆ ಹೋಯಿತು.

ಮನೆಗೆ ಬಂದು ಅವಳಿಗೆ ಸೀಗೆಪುಡಿಯಲ್ಲಿ ತಲೆಗೆ ಎರೆದು, ಅದೇ ಫ್ರಾಕು ತೊಡಿಸಿ ದೊಡ್ಡಿಗೆ ಕಳಿಸಿದೆವು. ಮುದ್ದೆ ಏನೂ ಆಗಿಲ್ಲವೆಂಬಂತೆ ಬಂದು ಅವಳ ಕಂಕುಳಿಗೆ ಮೂತಿ ಇಟ್ಟಿತು. ಎಲ್ಲ ಸರಿಹೋಯಿತು ಎಂದು ನಾನು ನಿರಾಳವಾಗಿ ಬಸ್ಸು ಹತ್ತಿದೆ. ಕುರಿಯದು ಸರಿಹೋಗಿತ್ತು, ಅದು ನಿಜ.

ದಸರಾ ರಜೆಗೆ ಸಹನಾ ಶಿಕಾರಿಪುರಕ್ಕೆ ಬಂದಳು. ಮಾರನೆಯ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ನಿಂತಿದ್ದಾಗ ಪಕ್ಕಕ್ಕೆ ಬಂದು ಮುಖ ಮೇಲೆತ್ತಿ ನಿಂತಳು. ನಂಗೂ ಹಚ್ಚು ಎಂದಳು. ಯಾಕೆ ಎಂದು ಕೇಳಿದೆ. "ಕರ್ರಗಿದೀನಲ್ಲ ಅತ್ತೆ" ಎಂದಳು, ಬಹಳ ಸಹಜವಾಗಿ. ಹುಟ್ಟಿದಂದಿನಿಂದ ಗೊತ್ತಿರದಿದ್ದ ಸಂಗತಿಯನ್ನು ಯಾರು ಕಲಿಸಿದರು ಎಂದು ನಾನು ಕೇಳಲಿಲ್ಲ. ಕಲಿಸಿದವಳ ಕೈಯಲ್ಲಿ ಡಬ್ಬಿ ಇತ್ತು. ನನಗೆ ಅಳು ಬಂತು. ಕೃಷ್ಣನನ್ನು ಕರೆತಂದೆ, ಕೋಗಿಲೆಯನ್ನು ಕರೆತಂದೆ, ಕೊನೆಗೆ ಜುಂಜಿಯನ್ನೂ ಕರೆತಂದೆ. ಅವಳು ಎಲ್ಲರನ್ನೂ ಕೇಳಿಸಿಕೊಂಡು, "ಮತ್ತೆ ನೀನೆಂತಕ್ಕೆ ಹಚ್ಕಳ್ತಿ?" ಎಂದಳು.

ಹೀಗಾಗಿ ಆ ರಜೆಯಷ್ಟೂ ದಿನ ಪೌಡರ್ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟು ಬರಿಮುಖದಲ್ಲಿ ಕಚೇರಿಗೆ ಹೋದೆ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು ಜ್ವರ ಏನ್ರೀ, ರಜಾ ಹಾಕಬೇಕಿತ್ತು ರೀ ಎಂದು ಕನಿಕರಿಸಿದರು. ಪಹಣಿಗೆ ಬಂದ ಅಜ್ಜನೊಬ್ಬ ಕಿಟಕಿಯಲ್ಲಿ ಇಣುಕಿ ನೋಡಿ, ದಿನಾ ಇಲ್ಲಿ ಕೂರುವ ಬೆಳ್ಳನೆಯ ಅಕ್ಕೋರು ಬಂದಿಲ್ಲೇನ್ರೀ ಎಂದು ನನ್ನನ್ನೇ ಕೇಳಿದ. ನಾಳೆ ಬರುತ್ತಾರೆ ಎಂದೆ. ಬಾಯಿಂದ ಬಂದದ್ದೇ ಹಾಗೆ.

ಆ ರಜೆಯಲ್ಲಿ ಇನ್ನೊಂದು ಸಾಹಸ ಮಾಡಿದೆ. ಸಹನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತೊಡೆ ಚಿವುಟಿಕೊಳ್ಳುತ್ತ, ಜುಂಜಿಯ ಕತೆಯನ್ನು ಕೊನೆಯವರೆಗೆ ನೋಡಿದೆ. ಅರಮನೆಯ ಬಾಗಿಲಿಗೆ ಬಂದ ಕಾರ್ಟೂನಿನ ಮುದ್ದೆ, ಬೆಳ್ಳಗಿನ ಜುಂಜಿಯನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಅವಳು ಪಲ್ಲಕ್ಕಿಯಿಂದ ಇಳಿದು ಮಳೆಯಲ್ಲಿ ನಿಂತು ಬಣ್ಣವನ್ನೆಲ್ಲ ತೊಳೆದುಕೊಳ್ಳುತ್ತಾಳೆ. ಕೂದಲು ಮತ್ತೆ ಕೆದರುತ್ತದೆ, ಮರಿ ಓಡಿಬರುತ್ತದೆ. ನನ್ನ ಕಣ್ಣು ತುಂಬಿ ಬಂತು. ನೋಡಿದೆಯಾ ಎಂದು ಪಕ್ಕಕ್ಕೆ ತಿರುಗಿದರೆ ಸಹನಾ ನೋಡುತ್ತಿರಲಿಲ್ಲ. ಅವಳಿಗೆ ಜುಂಜಿಯ ಕತೆ ಬೇಜಾರಾಗಿದೆಯಂತೆ. ಈಗ ಬೇರೆ ಯಾವುದೋ ರಾಜಕುಮಾರಿಯದನ್ನು ನೋಡುತ್ತಾಳಂತೆ.

ರಜೆ ಮುಗಿದು ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ಬಸ್ಸು ಮರೆಯಾದ ಮೇಲೆ ಮನೆಗೆ ಬಂದು ಅಕ್ಕಿ ಡ್ರಮ್ಮಿನ ಹಿಂದೆ ಕೈಯಾಡಿಸಿದೆ. ಡಬ್ಬಿ ಸಿಗಲಿಲ್ಲ. ಇಲಿಯ ಮೇಲೆ ಅನುಮಾನ ಪಟ್ಟೆ, ನಮ್ಮವರ ಮೇಲೂ ಪಟ್ಟೆ. ಆಮೇಲೆ ಅಂಗಡಿಗೆ ಹೋಗಿ ಹೊಸದೊಂದು ತಂದೆ.

ಮೊನ್ನೆ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಅಣ್ಣನ ಫೋನು ಬಂತು. "ಗಿರಿಜಾ, ಈ ಮುದ್ದೆ ಮತ್ತೆ ಹುಡುಗಿ ಹತ್ರಕ್ಕೆ ಬರ್ತಿಲ್ಲ ಮಾರಾಯ್ತಿ. ಮೂಸಿ ನೋಡ್ತದೆ, ಹಿಂದಕ್ಕೆ ಹೋಗ್ತದೆ. ಸೋಪು ಬದಲು ಮಾಡಿದ್ಕಿರಬೌದು ಅಂತಾಳೆ ನಿಮ್ಮತ್ತಿಗೆ. ಇವಳು ಒಬ್ಬಳೇ ದೊಡ್ಡಿ ಹತ್ರ ಕೂತು ಅಳ್ತಾಳೆ, ಕೇಳಿದ್ರೆ ಎಂತಕ್ಕೆ ಅಂತ ಹೇಳಲ್ಲ. ನಿಂಗೇನಾದ್ರೂ ಗೊತ್ತನೇ?"

ಡಬ್ಬಿ ಎಲ್ಲಿಗೆ ಹೋಗಿತ್ತೆಂದು ಆಗ ತಿಳಿಯಿತು. ಗೊತ್ತು ಎಂದು ಹೇಳಲು ಬಾಯಿ ತೆರೆದೆ. ಎದುರಿಗೇ ಕನ್ನಡಿ ಇತ್ತು. ಒಂದು ಕೆನ್ನೆಗೆ ಹಚ್ಚಿಯಾಗಿತ್ತು, ಇನ್ನೊಂದು ಬಾಕಿ ಇತ್ತು. ಅತ್ತ ಕಡೆಯಿಂದ ಅಣ್ಣ ಹಲೋ ಹಲೋ ಎನ್ನುತ್ತಲೇ ಇದ್ದ.