ಅಡುಗೆಮನೆ ಗೂಡಿನ ಗಣಿ

ಎಚ್ಚರವಿರುವಾಗಲೇ ಕನಸು ಕಾಣುವ ಅಭ್ಯಾಸ ಕೆಲವರಿಗಿರುತ್ತದೆ. ನಾನು ಆ ಪೈಕಿ. ಹೊಸಪೇಟೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೂತು ಪುಸ್ತಕಗಳಿಗೆ ಮುದ್ರೆ ಒತ್ತುತ್ತಿರುವಾಗಲೇ ನಾನು ತುಂಗಭದ್ರೆಯ ನಡುವೆ ಹರಿಗೋಲಿನಲ್ಲಿ ಅಂಗಾತ ಮಲಗಿರುತ್ತೇನೆ. ಹರಿಗೋಲು ತಿರುಗುತ್ತದೆ, ಆಕಾಶವೂ ತಿರುಗುತ್ತದೆ, ಮುದ್ರೆ ಪುಸ್ತಕ ಬಿಟ್ಟು ಮೇಜಿನ ಮೇಲೆ ಬೀಳುತ್ತದೆ. ಇಂಥವನ ಮನೆಗೆ ಬಿಟ್‌ಕಾಯಿನ್ ಗಣಿಯ ಯಂತ್ರ ಬಂದರೆ ಏನಾಗಬೇಕೋ ಅದೇ ಆಯಿತು.

ತಂದವನು ಬಸಣ್ಣ. ಬುಕ್ಕಸಾಗರದವನು, ನನ್ನ ಬಾಲ್ಯದ ಗೆಳೆಯ, ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಯಂತ್ರ ಊಟದ ಡಬ್ಬಿಯಷ್ಟಿತ್ತು, ಅದಕ್ಕೊಂದು ಪುಟ್ಟ ಫ್ಯಾನು. ಬಿಡುವಿಲ್ಲದೆ ಸಂಖ್ಯೆಗಳನ್ನು ಊಹಿಸುವುದೇ ಅದರ ಉದ್ಯೋಗ. ಜಗತ್ತಿನ ಇಂಥ ಯಂತ್ರಗಳೆಲ್ಲ ಊಹಿಸುತ್ತಿರುತ್ತವಂತೆ. ಯಾರದು ಮೊದಲು ಸರಿಹೊಂದಿತೋ ಅವರಿಗೆ ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಎಲ್ಲರ ಲೆಕ್ಕದ ಮುಂದಿನ ಪುಟ ಬರೆಯುವ ಹಕ್ಕು, ಜೊತೆಗೆ ಇನಾಮಾಗಿ ಹೊಸ ಬಿಟ್‌ಕಾಯಿನ್, ಅಂದರೆ ಕಂಪ್ಯೂಟರಿನಲ್ಲಷ್ಟೇ ಇರುವ ನಾಣ್ಯ.

"ದೊಡ್ಡ ಕಂಪ್ನಿಯೋರು ಗೋಡೌನ್ ತುಂಬಾ ಮಷಿನ್ ಇಟ್ಟಾರ್ಲೇ ಮಲ್ಲಿ," ಎಂದ ಬಸಣ್ಣ. "ಲೆಕ್ಕಾ ಎಲ್ಲಾ ಅವ್ರ ಕೈಗೇ ಹೋತಂದ್ರ ಹೆಂಗ? ನಿಮ್ಮನ್ಯಾಗೊಂದು, ನಮ್ಮನ್ಯಾಗೊಂದು, ಕಂಪ್ಲ್ಯಾಗ ನಮ್ಮ ಮಾವನ ಮನ್ಯಾಗೊಂದು ಇರ್ಬೇಕು. ಆವಾಗ ಯಾರೂ ಯಾರಿಗೂ ಧಣಿ ಅಲ್ಲ."

ಯಾರೂ ಯಾರಿಗೂ ಧಣಿಯಲ್ಲದ ಲೋಕ! ಅಷ್ಟು ಸಾಕಾಯಿತು ನನಗೆ. ಅಡುಗೆಮನೆಯ ಗೂಡಿನಲ್ಲಿ ಯಂತ್ರ ಕೂತಿತು. ನನ್ನ ಹೆಂಡತಿ ಶಾರದಾ ಕೇಳಿದ್ದು ಒಂದೇ ಮಾತು: "ಗಣಿ ಅಂತೀರಿ, ಧೂಳು ಬರಂಗಿಲ್ಲ ಹೌದಿಲ್ರಿ?" ಸಂಡೂರಿನ ಹತ್ತಿರದ ಯಶವಂತನಗರದಲ್ಲಿ ಅದಿರಿನ ಕೆಂಪು ಧೂಳು ಒರೆಸುತ್ತಲೇ ಬೆಳೆದವಳು ಅವಳು. ಇಲ್ಲವೆಂದೆ. ಒಪ್ಪಿದಳು.

ಸಂಜೆ ಚಹಾ ಹಿಡಿದು ಅದರ ಮುಂದೆ ಕೂರುತ್ತಿದ್ದೆ. ಹೆಸರೂ ಗೊತ್ತಿಲ್ಲದ ಊರುಗಳಲ್ಲಿ, ಒಗ್ಗರಣೆಯ ಘಮದ ನಡುವೆ, ಮಲಗಿದ ಮಗುವಿನ ಪಕ್ಕ, ಇಂಥವೇ ಪುಟ್ಟ ಫ್ಯಾನುಗಳು ತಿರುಗುತ್ತಿರುವುದು ಕಾಣುತ್ತಿತ್ತು. ನಾನು ಎಂದೂ ಭೇಟಿಯಾಗದ ಯಾರೋ ನನ್ನ ಜೊತೆಗೇ ಊಹಿಸುತ್ತಿದ್ದಾರೆ ಅನ್ನಿಸಿ ಮನಸ್ಸು ಹಗುರಾಗುತ್ತಿತ್ತು. ಚಹಾ ಆರಿಹೋಗುತ್ತಿತ್ತು. ನಾಣ್ಯವಂತೂ ಬರಲಿಲ್ಲ.

ಒಂದು ದಿನ ಬಸಣ್ಣನ ಫೋನು. "ನಮ್ಮ ಮಷಿನ್ ಎಲ್ಲಾ ಒಂದು ದೊಡ್ಡ ಪೂಲ್‌ಗೆ ಸೇರಿಸೋಣು. ಎಲ್ಲಾರೂ ಕೂಡಿ ಹುಡುಕೋದು, ಸಿಕ್ಕಿದ್ದು ಚೂರುಚೂರು ಹಂಚ್ಕೊಳ್ಳೋದು."

"ಆ ಪೂಲ್ ಯಾರ ಕೈಯಾಗೈತಿ?" ಎಂದೆ.

"ಯಾವನೋ ಪರದೇಶದಾಗ ಅದಾನ."

"ಅಂದ್ರ ಅಂವ ಧಣಿ ಆದ್ನಲ್ಲ. ನನ್ನ ಮಷಿನ್ ಒಂಟಿಯಾಗೇ ಇರ್ತೈತಿ."

ಮಾತಿಗೆ ಮಾತು ಬೆಳೆಯಿತು. ನಾನು ಸ್ವಾತಂತ್ರ್ಯದ ಬಗ್ಗೆ ದೊಡ್ಡ ಗಂಟಲಿನಲ್ಲಿ ಭಾಷಣ ಮಾಡಿದೆ. ಅವನು ಫೋನಿಟ್ಟ. ಆಮೇಲೆ ಅವನ ಅಂಗಡಿಯ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಕಾಲೇಜಿಗೆ ಹೋಗತೊಡಗಿದೆ. ಸಿಟ್ಟಿನಲ್ಲಿ ಯಂತ್ರದ ಕಡೆಗೂ ತಲೆಹಾಕಲಿಲ್ಲ. ಮಧ್ಯಾಹ್ನದ ಹರಿಗೋಲಿನಲ್ಲೂ ಬಸಣ್ಣ ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದ. ಕನಸೂ ಕೆಟ್ಟಿತು ಅಂದರೆ ನನ್ನಂಥವನ ಗತಿಯೇನು?

ಭಾನುವಾರ ತಡೆಯಲಾರದೆ ಬುಕ್ಕಸಾಗರಕ್ಕೆ ಹೋದೆ. ಬಸಣ್ಣ ಗದ್ದೆಯ ಬದುವಿನ ಮೇಲೆ ಕೂತಿದ್ದ. ಗಾಳಿಗೆ ಭತ್ತದ ಹಸಿರು ಅಲೆಅಲೆಯಾಗಿ ನದಿಯ ಕಡೆ ಹೋಗುತ್ತಿತ್ತು. ಪಕ್ಕದಲ್ಲಿ ಕೂತೆ. ಅವನು ಜರುಗಿ ಜಾಗ ಮಾಡಿಕೊಟ್ಟ.

"ದಿನಾ ಸಂಜೀಗೆ ಅವ್ವ ಕೇಳ್ತಾಳ," ಎಂದ. "'ಇವತ್ತರ ಏನರ ಸಿಕ್ತೇನಪಾ' ಅಂತ. ಇಲ್ಲಬೇ ಅಂದಂದು ಸಾಕಾಗೈತ್ಲೇ. ಒಂದು ಚೂರರ ಬಂತು ಅಂತ ಹೇಳಬೇಕಲ್ಲ ಆಕಿಗೆ."

ಲೋಕದ ಲೆಕ್ಕವನ್ನೆಲ್ಲ ಯೋಚಿಸಿದ್ದ ನಾನು ಆ ಮುದುಕಿಯನ್ನು ಯೋಚಿಸಿರಲಿಲ್ಲ. "ನಿಂದು ಪೂಲ್‌ಗೆ ಸೇರಿಸು. ನಂದು ಒಂಟಿ ಇರ್ಲಿ. ಅವರವರ ಮನಿ, ಅವರವರ ಇಷ್ಟ," ಎಂದೆ. ಬಸಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ನೀ ಮಾತ್ರ ಭಾಳ ಗಟ್ಟಿ ಮನಷ್ಯಾ ಬಿಡು," ಎಂದ.

ಆ ಹೊಗಳಿಕೆಯಲ್ಲಿ ತೇಲುತ್ತ ಮನೆಗೆ ಬಂದು ನೋಡಿದರೆ ಗೂಡಿನ ಯಂತ್ರ ಸತ್ತಂತೆ ಕೂತಿದೆ.

"ಚಟ್ನಿ ರುಬ್ಬಾಕ ಅದರ ಪ್ಲಗ್ ಕಿತ್ತು ಮಿಕ್ಸಿ ಹಚ್ಚಿದ್ನಿರಿ," ಎಂದಳು ಶಾರದಾ. "ಮತ್ತ ಹಚ್ಚೋದು ಮರ್ತೇಬಿಟ್ಟೆ."

"ಯಾವಾಗ?"

"ನೀವು ಬಸಣ್ಣನ ಕೂಡ ಫೋನ್‌ನಾಗ ಜಗಳಾಡಾಕತ್ತಿದ್ರಲ್ಲ, ಆವಾಗ."

ಅಂದರೆ ನಾನು ಗೆಳೆತನವನ್ನೇ ಪಣಕ್ಕಿಟ್ಟು ಕಾಪಾಡಿದ್ದು ಕರೆಂಟೇ ಇಲ್ಲದ ಯಂತ್ರದ ಸ್ವಾತಂತ್ರ್ಯವನ್ನು. ಲೋಕದ ಲೆಕ್ಕ ಈ ನಡುವೆ ನನ್ನನ್ನು ಕಾಯದೆ ಪುಟಪುಟವಾಗಿ ಮುಂದೆ ಹೋಗಿದೆ. ಪ್ಲಗ್ ಮತ್ತೆ ಹಚ್ಚಿದ್ದೇನೆ. ಬಸಣ್ಣನಿಗೆ ಇದನ್ನು ಹೇಳಬೇಕು. ಆದರೆ ಗಟ್ಟಿ ಮನುಷ್ಯ ಅನ್ನಿಸಿಕೊಂಡದ್ದು ಜೀವನದಲ್ಲಿ ಇದೇ ಮೊದಲು, ಇನ್ನೊಂದಿಷ್ಟು ದಿನ ಅನುಭವಿಸೋಣ ಎಂದು ಸುಮ್ಮನಿದ್ದೇನೆ.