ಸಿಪಾಯಿಯ ಕತ್ತಿ

ಬೆಳಗ್ಗೆ ಅಂಗಡಿ ತೆರೆಯಲು ಬಂದ ಕನ್ನಡಿಯಣ್ಣನಿಗೆ ಮೊದಲು ಕಂಡದ್ದು ಸುಣ್ಣದ ಗೆರೆ. ಗಿರಾಕಿಗಳು ಕಾಯುತ್ತ ಕೂರುವ ಬೆಂಚಿನ ಸುತ್ತ ಯಾರೋ ದುಂಡಗೆ ಎಳೆದಿದ್ದರು. ಯಾರೊಡನೆ ಮಾತಾಡಿದರೂ ಮುಖ ನೋಡದೆ, ಕನ್ನಡಿಯೊಳಗೆ ನೋಡಿಕೊಂಡೇ ಮಾತಾಡುವ ಕ್ಷೌರದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಕನ್ನಡಿಯಣ್ಣ. ಈಗ ಬಯಲಿನಲ್ಲಿ ಕನ್ನಡಿಯಿಲ್ಲದೆ ಯಾರನ್ನು ಕೇಳುವುದೆಂದು ತಿಳಿಯದೆ ಗೆರೆಯ ಸುತ್ತ ಒಂದು ಸುತ್ತು ಹಾಕಿದ.

ಪಕ್ಕದಂಗಡಿಯ ದರ್ಜಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಅಲ್ಲಿಗೆ ಸಿಪಾಯಿ ಬರ್ತಾನೆ ಕಣಣ್ಣ,” ಅಂದ.

“ಸಿಪಾಯಿ ಯಾಕೆ? ನಾನೇನು ಮಾಡಿದೆ?”

“ಹಿಡಿಯೋಕಲ್ಲ, ನಿಲ್ಲೋಕೆ. ಹಿಂದೆ ಯುದ್ಧದಲ್ಲಿ ಸತ್ನಲ್ಲ, ನಮ್ಮ ಬೀದಿಯೋನು, ಅವನ ಪ್ರತಿಮೆ. ಸಾಯಂಕಾಲ ಮೇಷ್ಟ್ರ ಮನೇಲಿ ಸಭೆ. ಅಲ್ಲಿ ಒಪ್ಪಿಗೆ ಆದ್ರೆ ಮುಗೀತು.”

ಜಾಗ ಬೀದಿಯದು, ಜಗಳಾಡುವಂತಿಲ್ಲ. ಆದರೆ ಬೆಂಚು ಹೋದರೆ ಕಾಯುವವರಿಲ್ಲ, ಕಾಯುವವರಿಲ್ಲದಿದ್ದರೆ ಹರಟೆಯಿಲ್ಲ, ಹರಟೆಯಿಲ್ಲದ ಕ್ಷೌರದಂಗಡಿಗೆ ಯಾರು ಬರುತ್ತಾರೆ?

“ಒಂದು ದಾರಿ ಇದೆ,” ಅಂದ ದರ್ಜಿ. ಪರರ ತಾಪತ್ರಯಕ್ಕೆ ಅಳತೆ ತೆಗೆಯುವುದೆಂದರೆ ಅವನಿಗೆ ಸ್ವಂತ ಕೆಲಸಕ್ಕಿಂತ ಪ್ರೀತಿ. “ಆ ಸಿಪಾಯಿ ಏನು ಮಾಡಿದ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹೋಗಿ ವಿಚಾರಿಸು, ಏನಾದ್ರೂ ಹುಳುಕು ಸಿಗುತ್ತೆ. ಹುಳುಕಿಲ್ಲದ ಮನುಷ್ಯ ಎಲ್ಲಿದಾನೆ?”

ಅಷ್ಟರಲ್ಲಿ ಆಸ್ಪತ್ರೆಯ ಕಾಂಪೌಂಡರ್ ಬಂದು ಕುರ್ಚಿಯಲ್ಲಿ ಕೂತಿದ್ದ. ಒಂದು ಕೆನ್ನೆ ಹೆರೆದು ಮುಗಿಸುವಷ್ಟರಲ್ಲಿ ಕನ್ನಡಿಯಣ್ಣನಿಗೆ ತಡೆಯಲಾಗಲಿಲ್ಲ. “ಈಗ ಬಂದೆ ಸಾರ್,” ಎಂದು ಹೊರಬಿದ್ದ. ಕಾಂಪೌಂಡರ್ ಎಷ್ಟು ಹೊತ್ತು ಕಾದಾನು? ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ, ಹಸುವಿನ ಹಿಂದೆ ಕರು ಹೊರಟ ಹಾಗೆ ಅವನೂ ಹೊರಟ.

ಗಿರಣಿಯವನು ಯಂತ್ರದ ಗದ್ದಲದಲ್ಲೇ ಕೂಗಿದ: “ರಜೆಗೆ ಬಂದಾಗ ನಮ್ಮಪ್ಪನ ಹತ್ರ ಅವನೇ ಅಂದಿದ್ನಂತೆ, ಕತ್ತಿ ಹಿಡಿದ್ರೆ ದಿನಕ್ಕೆ ಮೂವತ್ತು ತಲೆ ಮುಗಿಸ್ತೀನಿ ಅಂತ.”

ಕಾಯಿಪಲ್ಲೆಯವಳು ತಕ್ಕಡಿ ಕೆಳಗಿಟ್ಟಳು. “ದೊಡ್ಡ ಸಾಹೇಬನ ಕುತ್ತಿಗೆಗೇ ಕತ್ತಿ ಇಟ್ಟಿದ್ನಂತೆ ಕಣಣ್ಣ. ಸಾಹೇಬ ಉಸಿರೆತ್ತದೆ ಕೂತಿದ್ನಂತೆ.”

ಹುಳುಕು ಹುಡುಕಲು ಹೊರಟವನಿಗೆ ಮನೆಮನೆಯಲ್ಲೂ ಪರಾಕ್ರಮವೇ ಸಿಕ್ಕಿತು. “ನನ್ನ ಇನ್ನೊಂದು ಕೆನ್ನೆ ಮಾರಾಯಾ,” ಎಂದು ಹಿಂದಿನಿಂದ ಕಾಂಪೌಂಡರ್ ಗೋಗರೆಯುತ್ತಲೇ ಇದ್ದ. ಅವನ ಸೋಪು ಒಣಗಿ, ಹಳೆಯ ಗೋಡೆಯ ಸುಣ್ಣದಂತೆ ಉದುರುತ್ತಿತ್ತು.

ಬೀದಿಯ ಕೊನೆಯ ಮನೆಯಲ್ಲಿ ಸಿಪಾಯಿಯ ಅಕ್ಕ ಇದ್ದಳು. ಈಗ ಹಣ್ಣುಹಣ್ಣು ಮುದುಕಿ.

“ತಲೆ ತೆಗೆದನಾ? ಯಾರೋ ನಿನಗೆ ಹೇಳಿದ್ದು? ಕೋಳಿ ಕೊಯ್ದರೆ ಮೂರ್ಛೆ ಹೋಗ್ತಿದ್ದ ಅವನು. ಪಲ್ಟನ್‌ನಲ್ಲಿ ಕ್ಷೌರ ಮಾಡ್ತಿದ್ನಪ್ಪ, ನಿನ್ನ ಹಾಗೇ.”

ಕನ್ನಡಿಯಣ್ಣನ ಎದೆ ಹಗುರಾಯಿತು. ಬಂದೂಕು ಹಿಡಿಯದವನಿಗೆ ಎಲ್ಲಿಯ ಪ್ರತಿಮೆ? ಬೆಂಚು ಉಳಿಯಿತು. ಆದರೂ ಬಾಯಿ ಸುಮ್ಮನಿರದೆ ಕೇಳಿದ, “ಮತ್ತೆ ಹೇಗೆ ಹೋದ ಅಜ್ಜಿ?”

“ಯಾರೋ ಹುಡುಗನಿಗೆ ಗಡ್ಡ ಮಾಡ್ತಿದ್ನಂತೆ. ಬಾಂಬು ಬಿತ್ತು. ಇವನು ಆ ಹುಡುಗನ ಮೇಲೆ ಕವುಚಿಕೊಂಡ. ಹುಡುಗ ಉಳಿದ, ಇಲ್ಲೀತನಕ ಬಂದು ಅತ್ತು ಹೇಳಿಹೋದ. ಕತ್ತಿ ಹಿಡಿದ ಕೈ ಮಾತ್ರ ದೂರ ಚಾಚಿಕೊಂಡಿದ್ನಂತೆ, ಎಲ್ಲಿ ಅವನ ಕೆನ್ನೆಗೆ ತಾಗುತ್ತೋ ಅಂತ.”

ಕನ್ನಡಿಯಣ್ಣ ತನ್ನ ಬಲಗೈ ನೋಡಿಕೊಂಡ. ಬೆಳಗ್ಗೆ ಮಡಿಸಿ ಹಿಡಿದ ಕತ್ತಿ ಇನ್ನೂ ಅಲ್ಲೇ ಇತ್ತು.

“ಇದನ್ನ ಯಾರಿಗೂ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು? ಎಲ್ಲರೂ ಬಂದು ನನ್ನ ತಮ್ಮನ ಕತೆ ನನಗೇ ಹೇಳಿ ಹೋಗ್ತಾರೆ.”

ಸಾಯಂಕಾಲದ ಸಭೆಗೂ ಕಾಂಪೌಂಡರ್ ಬೆನ್ನು ಬಿಡದೆ ಬಂದಿದ್ದ. ಅಲ್ಲಿ ಕನ್ನಡಿಯಣ್ಣ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ: “ಅವನು ತಲೆ ಕಡಿದೋನಲ್ಲ ಮೇಷ್ಟ್ರೇ. ಕ್ಷೌರ ಮಾಡ್ತಿದ್ದೋನು.” ಮೇಷ್ಟ್ರ ಮುಖ ಇಳಿಯಿತು. ಕೆಲಸ ಕೈಗೂಡಿತ್ತು, ಇನ್ನು ಕೂತುಬಿಟ್ಟರೆ ಸಾಕಿತ್ತು.

ಆಗ ದರ್ಜಿ, ಸಹಾಯ ಮಾಡುವ ಉತ್ಸಾಹದಲ್ಲಿ, “ಬರೀ ಕ್ಷೌರದೋನಾ? ಅದಕ್ಕೊಂದು ಪ್ರತಿಮೆ ಬೇರೆ ಕೇಡು,” ಎಂದು ನಕ್ಕ.

“ಬರೀ ಅಂದ್ರೆ ಏನಯ್ಯಾ?” ಕನ್ನಡಿಯಣ್ಣ ಸಿಡಿದ.

ಆ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ಕನ್ನಡಿಯಣ್ಣ ಒಬ್ಬೊಬ್ಬರ ಮುಖವನ್ನೂ ನೇರ ನೋಡಿ ಹೇಳಿದ. ಹುಡುಗನ ಕತೆ, ಬಾಂಬಿನ ಕತೆ, ದೂರ ಚಾಚಿದ ಕೈಯ ಕತೆ. “ಸಾಯೋ ಹೊತ್ತಲ್ಲೂ ಗಿರಾಕಿಗೆ ಗಾಯ ಆಗಬಾರದು ಅಂದ್ಕೊಂಡೋನು ಕಣ್ರಯ್ಯಾ. ನಿಮಗೆ ಬೇರೆ ಯಾವ ಶೂರ ಬೇಕು?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಬಂದೂಕು ಬೇಡ. ಪ್ರತಿಮೆಗೆ ಕತ್ತಿಯೇ ಇರಲಿ.” ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕನ್ನಡಿಯಣ್ಣ.

“ಆದ್ರೆ ಒಬ್ಬನೇ ಕತ್ತಿ ಹಿಡಿದು ನಿಂತ್ರೆ ಜನ ಇನ್ನೇನೋ ಅಂದ್ಕೋತಾರೆ,” ಎಂದು ಮೇಷ್ಟ್ರು ಮುಂದುವರಿಸಿದರು. “ಕುರ್ಚಿ ಬೇಕು, ಕುರ್ಚೀಲಿ ಹುಡುಗ ಬೇಕು. ಬೆಂಚಿನ ಜಾಗ ಸಾಲದು. ಕಾಂಪೌಂಡ್ರೇ, ಅರ್ಧ ಗಡ್ಡದ ನಿಮ್ಮನ್ನ ನೋಡೇ ಹುಡುಗನ ಮುಖ ಮಾಡಿಸೋಣ. ಪ್ರತಿಮೆ ಮುಗಿಯೋವರೆಗೆ ಆ ಕೆನ್ನೆ ಮುಟ್ಟಿಸಬೇಡಿ.”

ಕತ್ತಲಾಗುವ ಮುನ್ನವೇ ಹೊಸ ಗೆರೆ ಬಿತ್ತು. ಅದು ಬೆಂಚನ್ನು ದಾಟಿ, ಬಾಗಿಲನ್ನು ದಾಟಿ, ಅಂಗಡಿಯ ಹಿಂಗೋಡೆಯನ್ನು ಸುತ್ತಿ ಬಂತು. ಕನ್ನಡಿಯಣ್ಣ ಒಳಗೇ ನಿಂತಿದ್ದ.

“ಕೈ ಚಾಚೋಕೆ ಇಷ್ಟು ಜಾಗ ಸಾಕಾ?” ಎಂದು ಮೇಷ್ಟ್ರು ಹೊರಗಿನಿಂದ ಕೇಳಿದರು.

ಕನ್ನಡಿಯಣ್ಣ ಖಾಲಿ ಕುರ್ಚಿಯ ಮೇಲೆ ಬಾಗಿ, ಕತ್ತಿಯ ಕೈಯನ್ನು ದೂರ ಚಾಚಿ, ಕನ್ನಡಿಯಲ್ಲಿ ನೋಡಿಕೊಂಡ.

“ಇನ್ನೂ ಒಂದು ಗೇಣು ಮೇಷ್ಟ್ರೇ,” ಅಂದ. “ಹುಡುಗನಿಗೆ ತಾಗಬಾರದು.”

ಗೆರೆ ದರ್ಜಿಯ ಅಂಗಡಿಯೊಳಕ್ಕೆ ಒಂದು ಗೇಣು ಹೋಯಿತು.