ಕಣ್ಣಿಗೆ ಬೀಳಬಾರದ ಬಣ್ಣ

ಬಣ್ಣದ ಕೆಲಸಕ್ಕೆ ಕೂತವನನ್ನು ವಿಚಿತ್ರಗಳೇ ಹುಡುಕಿಕೊಂಡು ಬರುತ್ತವೆ. ನಾನಂತೂ ಯಾವುದನ್ನೂ ಕರೆದದ್ದಿಲ್ಲ. ಗುಬ್ಬಿ-ಕುಣಿಗಲ್ ಕಡೆಯ ಸತ್ಯಮಂಗಲದಲ್ಲಿ ನನ್ನದೊಂದು ತಗಡಿನ ಶೆಡ್ಡು. ಬೈಕಿನ ಟ್ಯಾಂಕು, ಫ್ರಿಜ್ಜಿನ ಬಾಗಿಲು, ಕಬ್ಬಿಣದ ಮಂಚ, ಯಾವುದೇ ಬರಲಿ, ಸ್ಪ್ರೇ ಹೊಡೆದು ಫಳಫಳ ಅನ್ನಿಸಿ ಕಳಿಸುವುದು ನನ್ನ ಕಸುಬು. ಸ್ಕೂಟರಿಗೆ ಆಕಾಶದ ಬಣ್ಣ ಬೇಕು ಅಂದವರಿದ್ದಾರೆ. ಯಾವ ಹೊತ್ತಿನ ಆಕಾಶ ಅಂತ ಕೇಳಿದ್ದಕ್ಕೆ ಸಿಟ್ಟಾದವರೂ ಇದ್ದಾರೆ. ಈಚೆಗೆ ಬಂದ ಕೆಲಸ ಅದೆಲ್ಲವನ್ನೂ ಮೀರಿಸಿತು.

೧. ಫಳಫಳ ಬೇಡ

ಕುಣಿಗಲ್ ಕಡೆಯಿಂದ ಒಬ್ಬರು ಬಂದರು. ಮೈಮೇಲೆ ಎಲೆ ಎಲೆ ಚಿತ್ರದ ಶರ್ಟು, ಅಂಥದ್ದೇ ಪ್ಯಾಂಟು, ಅಂಥದ್ದೇ ಟೋಪಿ. ಊರಾಚೆ ಜಾಲಿಮರ, ಕುರುಚಲು ಗಿಡಗಳ ನಡುವೆ ಅವರದೊಂದು ಆಟದ ಮೈದಾನವಂತೆ. ರಜೆ ದಿನ ಆಫೀಸಿನವರು ಬಂದು, ಎರಡು ಪಾರ್ಟಿಯಾಗಿ, ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಬಂದೂಕು ಹಿಡಿದು ಪೊದೆಯಲ್ಲಿ ಅಡಗಿ ಹೊಡೆದಾಡುತ್ತಾರಂತೆ. ಚೀಲದಿಂದ ಒಂದು ಕಪ್ಪು ಬಂದೂಕು ತೆಗೆದು ಮೇಜಿನ ಮೇಲಿಟ್ಟರು. ನಾನು ಹಿಂದೆ ಸರಿದೆ.

“ಆಟದ್ದು ಸಾರ್, ಹೆದರ್ಬೇಡಿ. ಪೇಂಟ್ ಹೊಡೀಬೇಕು.”

“ಮೆಟಾಲಿಕ್ ಮಾಡೋಣ್ವಾ? ದೂರದಿಂದ್ಲೇ ಎದ್ದು ಕಾಣುತ್ತೆ.”

“ಕಾಣಲೇಬಾರ್ದು ಸಾರ್! ಕ್ಯಾಮಫ್ಲಾಜ್. ಪೊದೇಲಿಟ್ರೆ ಪೊದೆ ಥರಾನೇ ಇರ್ಬೇಕು. ಇದು ಸ್ಯಾಂಪಲ್. ನೀವು ಬಚ್ಚಿಟ್ಟಾಗ ನನ್ನ ಕಣ್ಣಿಗೆ ಸಿಗ್ಲಿಲ್ಲ ಅಂದ್ರೆ ಮೈದಾನದ ಅಷ್ಟೂ ಬಂದೂಕಿನ ಪೇಂಟ್ ಕೆಲ್ಸ ನಿಮಗೇ. ಸಿಕ್ತೋ, ಬೆಂಗ್ಳೂರಿಗೆ ಕಳಿಸ್ತೀನಿ.”

ಕೆಲಸ ಕಮ್ಮಿಯಾಗಿದ್ದ ಕಾಲ. ಆ ಆರ್ಡರ್ ನನಗೆ ಬೇಕೇ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಕುತೂಹಲ. ಇಷ್ಟು ವರ್ಷ ಕಾಣಲಿ ಅಂತ ಬಣ್ಣ ಹೊಡೆದ ಕೈ, ಕಾಣದ ಹಾಗೆ ಹೊಡೆಯಬಲ್ಲದೇ? ಪಕ್ಕದ ವೆಲ್ಡಿಂಗ್ ಶೆಡ್ಡಿನವರ ಹತ್ತಿರ ಹೇಳಿಕೊಂಡೆ. ಅವರು ಧೈರ್ಯ ತುಂಬಿದರು:

“ನಿಮ್ಗೇನು ಕಷ್ಟ ಆಗಲ್ಲ ಬಿಡಿ. ನಮ್ಮ ಗೇಟಿಗೆ ನೀವು ಹೊಡೆದ ಬಣ್ಣಾನೂ ಒಂದೇ ಮಳೆಗೆ ಕಾಣದಂಗೆ ಹೋಯ್ತು.”

೨. ಶಿರಾ ಗೇಟಿಗೆ ಹೋದ ಮಣ್ಣು

ಮೊದಲು ಫೋನಿನಲ್ಲಿ ಚಿತ್ರ ನೋಡಿ ಅದೇ ಕಡುಹಸಿರು ಹೊಡೆದೆ. ಶೆಡ್ಡಿನ ಹಿಂದಿನ ಪೊದೆಯಲ್ಲಿಟ್ಟರೆ ಬಂದೂಕೊಂದೇ ಕಾಣುತ್ತಿತ್ತು, ಪೊದೆ ಕಾಣುತ್ತಿರಲಿಲ್ಲ! ಆಗ ಹೊಳೆಯಿತು, ಅದು ಯಾವುದೋ ದೇಶದ ಕಾಡಿನ ಹಸಿರು. ನಮ್ಮ ಕಡೆಯ ನೆಲಕ್ಕೆ ನಿಜವಾಗಿ ಯಾವ ಬಣ್ಣ? ಹುಟ್ಟಿದಾಗಿನಿಂದ ಇದರ ಮೇಲೇ ಓಡಾಡುತ್ತಿದ್ದೇನೆ, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಕೂತು ನೋಡಿದರೆ ಕೆಂಪು, ಬೂದಿ, ಒಣಹುಲ್ಲಿನ ಹಳದಿ, ಎಷ್ಟೊಂದು ಬಣ್ಣ! ನನಗೇ ಖುಷಿಯಾಯಿತು.

ಒಂದು ಹೆಂಟೆ ಮಣ್ಣು, ಒಂದು ಹಿಡಿ ಒಣಹುಲ್ಲು ಪೇಪರಿನಲ್ಲಿ ಕಟ್ಟಿಕೊಂಡು ಶಿರಾ ಗೇಟಿನ ಪೇಂಟ್ ಅಂಗಡಿಗೆ ಹೋಗಿ ಗಾಜಿನ ಕೌಂಟರ್ ಮೇಲೆ ಬಿಚ್ಚಿಟ್ಟೆ. “ಸೇಮ್ ಟು ಸೇಮ್ ಈ ಬಣ್ಣ ಕೊಡಿ, ಹೊಳಪು ಇರ್ಬಾರ್ದು” ಅಂದೆ.

ಅಂಗಡಿಯವರು ಮಣ್ಣನ್ನೂ ನನ್ನನ್ನೂ ನೋಡಿದರು. “ಸಾರ್, ಗೋಡೆಗೆ ಈ ಬಣ್ಣ ಬಂದ್ಬಿಡ್ತು ಅಂತಾನೇ ಜನ ನಮ್ಮ ಹತ್ರ ಬರೋದು!”

೩. ಗುಬ್ಬಿಯ ಭಾವ

ಬಣ್ಣ ಸಿಕ್ಕಿತು. ಎಲೆಯ ಆಕಾರ ಮೂಡಿಸಬೇಕಲ್ಲ, ಅದಕ್ಕೆ ಗುಬ್ಬಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಅಲ್ಲಿ ತೆಂಗಿನಗರಿಗೆ ಬರವಿಲ್ಲ. ಹಿತ್ತಲಲ್ಲಿ ಬಂದೂಕಿಗೆ ಮೊದಲು ಒಣಹುಲ್ಲಿನ ಬಣ್ಣ ಹೊಡೆದು ಆರಿಸಿದೆ. ಆಮೇಲೆ ಗರಿ ಸೀಳಿ ಮೇಲೆ ಹಾಸಿ, ಮಣ್ಣಿನ ಬಣ್ಣ ಹೊಡೆದು, ಗರಿ ಎತ್ತಿದೆ. ಗರಿಯ ಆಕಾರ ಹಾಗೇ ಮೂಡಿತ್ತು. ಭಾವ ಅಡಿಕೆ ಜಗಿಯುತ್ತಾ ಶುರುವಿನಿಂದ ನೋಡುತ್ತಿದ್ದರು.

“ಗರಿ ಥರ ಕಾಣ್ಬೇಕು, ಅಷ್ಟೇ ತಾನೇ?”

“ಹೂಂ ಭಾವ.”

“ಅಲ್ಲ ಕಣೋ, ಗರೀನೇ ಕಟ್ಬುಟ್ಟಿದ್ರೆ ಆಗ್ತಿರ್ಲಿಲ್ವಾ?”



೪. ಅಮ್ಮನ ಬೊಟ್ಟು

ನಮ್ಮ ಶೆಡ್ಡಿನಿಂದ ಯಾವ ವಸ್ತುವೂ ಅಮ್ಮನ ಕೈಯಿಂದ ಕುಂಕುಮ ಇಡಿಸಿಕೊಳ್ಳದೆ ಹೊರಡುವಂತಿಲ್ಲ. ಫ್ರಿಜ್ಜಿನ ಬಾಗಿಲಿಗೂ ವಿನಾಯಿತಿ ಇಲ್ಲ. ಕುಣಿಗಲ್‌ಗೆ ಹೊರಡುವ ಬೆಳಿಗ್ಗೆ ನೋಡಿದರೆ, ನಾನು ಅಷ್ಟು ಕಷ್ಟಪಟ್ಟು ಮರೆಮಾಚಿದ ಬಂದೂಕಿನ ನೆತ್ತಿಯ ಮೇಲೆ ಕಾಸಗಲ ಕುಂಕುಮ!

“ಅಮ್ಮಾ, ಇದು ಯಾರಿಗೂ ಕಾಣ್ಬಾರ್ದು!”

“ಕಾಣ್ದೆ ಇರಕ್ಕೆ ಅದೇನು ಕದ್ದ ಮಾಲಾ?”

ದಾರಿಯಲ್ಲಿ ಗಾಡಿ ನಿಲ್ಲಿಸಿ ಕರ್ಚೀಫಿನಲ್ಲಿ ಒರೆಸಿಬಿಟ್ಟೆ.

ಮೈದಾನದ ಯಜಮಾನರು ಬೆನ್ನು ತಿರುಗಿಸಿ ನಿಂತರು. ನಾನು ಒಂದು ಜಾಲಿಮರದ ಕವಲಿನಲ್ಲಿ, ತಲೆಗಿಂತ ಮೇಲೆ, ಬಂದೂಕನ್ನು ಮಲಗಿಸಿ ಬಂದೆ. ಅವರು ಪೊದೆ ಪೊದೆ ಜಾಲಾಡಿದರು. ಬಗ್ಗಿದರು, ಎದ್ದರು, ಬೆವರಿದರು. ಕೊನೆಗೆ ಟೋಪಿ ತೆಗೆದು, “ಸೋತೆ ಸಾರ್. ಆರ್ಡರ್ ನಿಮ್ದೇ. ಎಲ್ಲಿಟ್ಟಿದ್ದೀರಿ, ತೆಗೀರಿ” ಅಂದರು.

ಎದೆಯುಬ್ಬಿಸಿಕೊಂಡು ಮರದ ಹತ್ತಿರ ಹೋದೆ. ಅಲ್ಲಿ ಇರಲಿಲ್ಲ. ಅದೇ ಮರವೋ, ಪಕ್ಕದ್ದೋ? ನೋಡಿದರೆ ಎಲ್ಲವೂ ಒಂದೇ ಥರದ ಜಾಲಿಮರಗಳು. ನಾನೂ ಬಗ್ಗಿದೆ, ಎದ್ದೆ, ಬೆವರಿದೆ. ಯಜಮಾನರ ಮುಖ ಸಣ್ಣಗಾಯಿತು. “ಸಾರ್, ಸ್ಯಾಂಪಲ್ಲೇ ಹೋದ್ರೆ ಆರ್ಡರ್ ಹೆಂಗೆ ಕೊಡ್ಲಿ? ಅಷ್ಟೂ ಬಂದೂಕು ಹಿಂಗೇ ಕಾಣೆಯಾದ್ರೆ ನಾನು ಅಂಗಡಿ ಮುಚ್ಬೇಕಾಗುತ್ತೆ.” ಕೈಗೆ ಬಂದ ಆರ್ಡರ್ ಕಣ್ಣೆದುರೇ ಜಾರುತ್ತಿತ್ತು. ಅಳು ಬರುವುದೊಂದು ಬಾಕಿ.

ಊಟಕ್ಕೆ ತಡ ಆಗುತ್ತೆ ಅಂತ ಹೇಳಲು ಅಮ್ಮನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ.

“ಕುಂಕುಮ ನೋಡ್ಕೊಂಡು ಹುಡುಕೋ” ಅಂದರು.

“ಅದು... ದಾರೀಲಿ...” ಅಂದೆ.

“ಅಳಿಸ್ದಾ? ಅಳಿಸ್ತೀಯ ಅಂತ ಗೊತ್ತಿತ್ತು ಕಣೋ. ಅದಕ್ಕೇ ಅಡೀಲೂ ಒಂದು ಬೊಟ್ಟು ಇಟ್ಟಿದೀನಿ. ಕೆಳಗಿಂದ ನೋಡು.”

ಯಜಮಾನರೂ ನಾನೂ ಜಾಲಿಮುಳ್ಳಿನ ಮೇಲೆ ಅಂಗಾತ ಮಲಗಿ, ಮರದಿಂದ ಮರಕ್ಕೆ ತೆವಳಿದೆವು. ಸ್ವಲ್ಪ ಹೊತ್ತಿಗೆ ಅವರು “ಕುಂಕುಮಾ!” ಅಂತ ಕೂಗಿದರು. ಮೇಲೆ ಕವಲಿನಲ್ಲಿ ಒಂದು ಕೆಂಪು ಚುಕ್ಕೆ.

ಬೆನ್ನಿನ ಮುಳ್ಳು ಕಿತ್ತುಕೊಳ್ಳುತ್ತಾ ಅವರು ಹೇಳಿದರು: “ಎಲ್ಲಾ ಬಂದೂಕೂ ನಿಮ್ಗೇ. ಆದ್ರೆ ಒಂದು ಕಂಡೀಷನ್. ಪ್ರತಿಯೊಂದಕ್ಕೂ ಅಡೀಲಿ ಅಮ್ಮನ ಕೈಯಿಂದ್ಲೇ ಕುಂಕುಮ ಇಡಿಸ್ಬೇಕು.”

ಖುಷಿಯಿಂದ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಕುಂಕುಮದ ಭರಣಿ ಕೈಗೆತ್ತಿಕೊಂಡರು.

“ಬಂದೂಕಿಗೆ ಇಡೋದಿರ್ಲಿ. ಆ ಯಜಮಾನ್ರನ್ನ ಒಂದ್ಸಲ ಕರ್ಕೊಂಡು ಬಾ. ಅವ್ರೂ ತಲೆಯಿಂದ ಕಾಲ್ಗಂಟ ಎಲೆ ಬಟ್ಟೇನೇ ಹಾಕ್ಕೊಂಡು ಓಡಾಡ್ತಾರಂತಲ್ಲ. ಒಂದಿನ ಆ ಪೊದೇಲಿ ನಿದ್ದೆ ಹೋದ್ರೆ ಪಾಪ, ಅವ್ರ ಹೆಂಡ್ತಿ ಹೆಂಗೆ ಹುಡುಕ್ತಾಳೆ?”